ಎರಡು ಲಿಪಿಗಳಲ್ಲಿ ಒಂದು ಬದುಕು: ಆನ್ ಲಿಸ್ಟರ್ ದಿನಚರಿಗಳ ಓದು ಮತ್ತು ದೃಶ್ಯರೂಪ

ಸಲಿಂಗ ಪ್ರೇಮದ ಇತಿಹಾಸವನ್ನು ನ್ಯಾಯಾಲಯದ ಕಡತಗಳಲ್ಲಷ್ಟೇ ಹುಡುಕಿದರೆ ಎದುರಾಗುವವರು ಬಹುಪಾಲು ಶಿಕ್ಷೆಗೊಳಗಾದ ಗಂಡಸರು. ಹೆಣ್ಣು ಹೆಣ್ಣಿನ ಸಂಬಂಧವನ್ನು ಇಂಗ್ಲೆಂಡಿನ ಕಾನೂನು ಅಪರಾಧವೆಂದು ಹೆಸರಿಸಲೇ ಇಲ್ಲವಾದ್ದರಿಂದ ಅಲ್ಲಿ ಹೆಂಗಸರ ಸುಳಿವು ಅಪರೂಪ. ಹಾಗಾಗಿಯೇ ಯಾರ್ಕ್‌ಷೈರ್‌ನ ಶಿಬ್ಡೆನ್ ಹಾಲ್ ಎಸ್ಟೇಟಿನ ಒಡತಿ ಆನ್ ಲಿಸ್ಟರ್ (1791–1840) ಬರೆದ ದಿನಚರಿಗಳು ಅಮೂಲ್ಯ ಆಕರ. ಸುಮಾರು 50 ಲಕ್ಷ ಪದಗಳ ಈ ಬರಹದ ಆರನೆಯ ಒಂದು ಪಾಲು ಗೂಢಲಿಪಿಯಲ್ಲಿದೆ. ಆ ಲಿಪಿಯ ಮೂಲ ಶಾಲಾದಿನಗಳ ಗೆಳತಿ ಎಲೈಜಾ ರೇನ್‌ಳ ಒಡನಾಟದಲ್ಲಿದೆ. ಮದರಾಸಿನಲ್ಲಿ ಭಾರತೀಯ ತಾಯಿಗೆ ಹುಟ್ಟಿದ ಈಕೆಯ ಬದುಕು ನಮ್ಮ ವಿದ್ವಾಂಸರ ಗಮನವನ್ನೂ ಬೇಡುತ್ತದೆ.

ಗೂಢಲಿಪಿಯನ್ನು 19ನೆಯ ಶತಮಾನದ ಕೊನೆಯ ಹೊತ್ತಿಗೇ ಅದೇ ಮನೆತನದ ಜಾನ್ ಲಿಸ್ಟರ್ ಮತ್ತು ಅವರ ಗೆಳೆಯ ಆರ್ಥರ್ ಬರೆಲ್ ಬಿಡಿಸಿದ್ದರು. ಓದಿ ಬೆಚ್ಚಿದ ಬರೆಲ್, ಸುಟ್ಟುಬಿಡುವಂತೆ ಸಲಹೆಯಿತ್ತರು. ಜಾನ್ ಸುಡಲಿಲ್ಲ, ಬಿಡಿಸಿ ಓದಿದ್ದನ್ನು ಪ್ರಕಟಿಸಲೂ ಇಲ್ಲ. ಹೆಲೆನಾ ವಿಟ್‌ಬ್ರೆಡ್ 1988ರಲ್ಲಿ ಆಯ್ದ ಭಾಗಗಳನ್ನು ಅಚ್ಚಿಗೆ ತರುವವರೆಗೆ ಮುಂದುವರಿದ ಮೌನದ ಹೊಣೆ, ಲಿಪಿಗಿಂತ ಹೆಚ್ಚಾಗಿ, ಅದನ್ನು ಓದಬಲ್ಲವರ ಮೇಲಿದೆ.

1834ರ ಈಸ್ಟರ್ ಭಾನುವಾರ ಲಿಸ್ಟರ್ ಮತ್ತು ಆಕೆಯ ಸಂಗಾತಿ ಆನ್ ವಾಕರ್ ಯಾರ್ಕಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಒಟ್ಟಿಗೆ ಪ್ರಭುಭೋಜನ ಸ್ವೀಕರಿಸಿದರು. ನೋಡಿದವರಿಗೆ ಅದು ಇಬ್ಬರು ಭಕ್ತೆಯರ ಆರಾಧನೆ. ಲಿಸ್ಟರ್ ಪಾಲಿಗೆ ವಿವಾಹದ ಮುದ್ರೆ. ಈ ಅರ್ಥ ದಿನಚರಿಯ ಹೊರಗೆಲ್ಲೂ ದಾಖಲಾಗಿಲ್ಲ. ಕಣ್ಣಿಗೆ ಬೀಳದ ಇಂಥ ಅರ್ಥವನ್ನು ನಟಿಸಿ ತೋರಿಸುವುದು ಹೇಗೆ? ಸ್ಯಾಲಿ ವೈನ್‌ರೈಟ್ ತಮ್ಮ ‘ಜಂಟಲ್‌ಮನ್ ಜ್ಯಾಕ್’ (2019) ಧಾರಾವಾಹಿಯಲ್ಲಿ ಲಿಸ್ಟರ್ ಆಗಾಗ ಕ್ಯಾಮೆರಾದತ್ತ ತಿರುಗಿ ಮಾತನಾಡುವಂತೆ ಮಾಡಿದರು. ದಿನಚರಿಯ ಪುಟಕ್ಕೆ ಹೇಳಿದ್ದನ್ನು ಈಗ ಪ್ರೇಕ್ಷಕರಿಗೆ ಹೇಳುತ್ತಾಳೆ. ಆಕರದ ಸ್ವಭಾವವನ್ನೇ ರೂಪವಾಗಿಸಿದ ಈ ಜಾಣ್ಮೆ ನನಗೆ ಬಹಳ ಮೆಚ್ಚುಗೆಯಾದದ್ದು.

ಆದರೆ ಗೂಢಲಿಪಿಯ ಭಾಗವನ್ನಷ್ಟೇ ಕತ್ತರಿಸಿ ತೆಗೆದರೆ ಪ್ರೇಮಿ ಉಳಿಯುತ್ತಾಳೆ, ಒಡತಿ ಕಳೆದುಹೋಗುತ್ತಾಳೆ. ಕಲ್ಲಿದ್ದಲು ಗಣಿಯ ಪೈಪೋಟಿ, ಗೇಣಿ ವಸೂಲಿ, ಟೋರಿ ಪಕ್ಷಕ್ಕೆ ಮತ ಹಾಕುವಂತೆ ಒಕ್ಕಲುಗಳ ಮೇಲೆ ಹೇರಿದ ಒತ್ತಡ ಎಲ್ಲವೂ ಅದೇ ದಿನಚರಿಯಲ್ಲಿವೆ. ಲೋಕಕ್ಕೆ ಅಂಜದೆ ಬಾಳುವ ಧೈರ್ಯಕ್ಕೆ ಆ ಜಮೀನಿನ ಬಲವೂ ಇತ್ತು. ನಾಟಕಕಾರರು ಇದನ್ನು ಮುಚ್ಚಬಾರದು.

ಇನ್ನೊಂದು ತೊಡಕು ವಾಕರ್‌ಳದು. ಅವಳನ್ನು ನಾವು ಬಹುಕಾಲ ಲಿಸ್ಟರ್ ಕಣ್ಣಿನಿಂದಲೇ ಕಂಡೆವು: ಸಿರಿವಂತೆ, ಅಳುಕಿನವಳು, ಅಸ್ವಸ್ಥೆ. ಧಾರಾವಾಹಿಯ ಮೊದಲ ಸರಣಿ ಮುಗಿದ ಮೇಲೆ, 2020ರಲ್ಲಿ, ವಾಕರ್‌ಳದೇ ದಿನಚರಿ ಪತ್ರಾಗಾರದಲ್ಲಿ ಪತ್ತೆಯಾಯಿತು. 1834ರ ಜೂನ್‌ನಿಂದ 1835ರ ಫೆಬ್ರವರಿಯವರೆಗಿನ ಆ ಬರಹವನ್ನು ಲಿಸ್ಟರ್ ಪುಟಗಳ ಜೊತೆಗಿಟ್ಟು, ದಿನಕ್ಕೆ ದಿನ ಹೋಲಿಸಿ ಓದಬಹುದು. ಮುಂದೆ ಈ ದಾಂಪತ್ಯವನ್ನು ರಂಗಕ್ಕೋ ತೆರೆಗೋ ತರುವವರು ಆ ಹೋಲಿಕೆಯಿಂದಲೇ ಆರಂಭಿಸಿ, ಲಿಸ್ಟರ್‌ಗೆ ಎದುರಾಡುವ ಅವಕಾಶವನ್ನು ವಾಕರ್‌ಗೂ ಕೊಡಬೇಕು.