ಗ್ಯಾಸ್‌ಲೈಟ್: ಹೆಂಡತಿಗೆ ಹುಚ್ಚಿಯ ಪಟ್ಟ ಕಟ್ಟಿದ ಗಂಡನ ಕಥೆ

'ಗ್ಯಾಸ್‌ಲೈಟ್' 1940ರಲ್ಲಿ ತೆರೆಕಂಡ ಬ್ರಿಟಿಷ್ ಚಲನಚಿತ್ರ. ಇಂಗ್ಲೆಂಡಿನ ಲೇಖಕ ಪ್ಯಾಟ್ರಿಕ್ ಹ್ಯಾಮಿಲ್ಟನ್ ಬರೆದು, 1938ರಲ್ಲಿ ಮೊದಲ ಬಾರಿಗೆ ರಂಗಕ್ಕೆ ಬಂದ ಅದೇ ಹೆಸರಿನ ನಾಟಕವೇ ಇದರ ಮೂಲ. ನಿರ್ದೇಶಕ ಥೊರೊಲ್ಡ್ ಡಿಕಿನ್ಸನ್. ಗಂಡ ಪಾಲ್ ಮ್ಯಾಲನ್ ಪಾತ್ರದಲ್ಲಿ ಆಂಟನ್ ವಾಲ್‌ಬ್ರೂಕ್, ಹೆಂಡತಿ ಬೆಲ್ಲಾ ಪಾತ್ರದಲ್ಲಿ ಡಯಾನಾ ವಿನ್ಯಾರ್ಡ್ ನಟಿಸಿದ್ದಾರೆ.

ಗ್ಯಾಸ್ ಬತ್ತಿ ಎಂದ ಕೂಡಲೇ ತಡವಳ, ಅಕ್ಕಲಕೋಟೆ ಕಡೆಯ ಹಿರಿಯರಿಗೆ ನೆನಪಾಗುವುದು ಮದುವೆ ಮೆರವಣಿಗೆಯಲ್ಲಿ, ಬಯಲಾಟದ ಅಟ್ಟದ ಮೇಲೆ ಉರಿಯುತ್ತಿದ್ದ ಪೆಟ್ರೋಮ್ಯಾಕ್ಸ್. ಚಿಮಣಿ ಎಣ್ಣೆ ಹಾಕಿ, ಗಾಳಿ ಹೊಡೆದು ಹಚ್ಚುವ ದೀಪ ಅದು. ಚಿತ್ರದಲ್ಲಿರುವುದು ಬೇರೆ. ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿ ಕಲ್ಲಿದ್ದಲಿನಿಂದ ತೆಗೆದ ಅನಿಲವನ್ನು ಕೊಳವೆಯ ಮೂಲಕ ಮನೆಮನೆಗೆ ಕೊಡುತ್ತಿದ್ದರು, ಈಗ ನಲ್ಲಿಯಲ್ಲಿ ನೀರು ಬರುವ ಹಾಗೆ. ಒಂದು ಕೋಣೆಯಲ್ಲಿ ಹೊಸದಾಗಿ ದೀಪ ಹಚ್ಚಿದರೆ ಒತ್ತಡ ಇಳಿದು ಉಳಿದ ಕೋಣೆಗಳ ದೀಪ ಸ್ವಲ್ಪ ಸಣ್ಣದಾಗುತ್ತಿತ್ತು. ಇಷ್ಟು ತಿಳಿದಿದ್ದರೆ ಅರ್ಧ ಕಥೆ ತಿಳಿದಂತೆಯೇ.

ಲಂಡನ್ನಿನ ಒಂದು ಮನೆಯಲ್ಲಿ ಶ್ರೀಮಂತ ಮುದುಕಿಯೊಬ್ಬಳ ಕೊಲೆಯಾಗುತ್ತದೆ. ಕೊಲೆಗಾರ ಮನೆಯೆಲ್ಲ ತಡಕಿದರೂ ಅವಳ ಮಾಣಿಕ್ಯಗಳು ಸಿಗುವುದಿಲ್ಲ. ಮನೆ ಎಷ್ಟೋ ವರ್ಷ ಖಾಲಿ ಬೀಳುತ್ತದೆ. ಆಮೇಲೆ ಅಲ್ಲಿಗೆ ಪಾಲ್ ಮತ್ತು ಬೆಲ್ಲಾ ಸಂಸಾರ ಮಾಡಲು ಬರುತ್ತಾರೆ. ಪಾಲ್ ಸಂಜೆ ಹೊರಗೆ ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಬೆಲ್ಲಾಳ ಕೋಣೆಯ ದೀಪ ಸಣ್ಣದಾಗುತ್ತದೆ, ಬೀಗ ಹಾಕಿದ ಮೇಲಂತಸ್ತಿನಲ್ಲಿ ಹೆಜ್ಜೆ ಸಪ್ಪಳ ಕೇಳುತ್ತದೆ. ಅವಳು ಹೇಳಿದರೆ, ಎಲ್ಲ ನಿನ್ನ ಭ್ರಮೆ ಎನ್ನುತ್ತಾನೆ ಗಂಡ. ಗೋಡೆಯ ಚಿತ್ರ ಮಾಯವಾಗುತ್ತದೆ, ಒಡವೆ ಕಾಣೆಯಾಗುತ್ತದೆ. ತಾನೇ ಮುಚ್ಚಿಟ್ಟು, ನೀನೇ ಎಲ್ಲೋ ಇಟ್ಟು ಮರೆತಿದ್ದೀ ಎಂದು ಗದರಿಸುವವನೂ ಅವನೇ. ಸಂಗೀತ ಕಛೇರಿಯೊಂದರಲ್ಲಿ, ನಾಲ್ಕು ಮಂದಿಯ ನಡುವೆ, ಅವನ ಕಳೆದ ಗಡಿಯಾರ ಅವಳ ಚೀಲದಲ್ಲಿ ಸಿಗುವಂತೆ ಮಾಡಿ ಅವಳನ್ನು ಅಳಿಸುವ ದೃಶ್ಯ ನೋಡುವುದು ಕಷ್ಟ. ಅಲ್ಲಿ ಹೊಡೆತವಿಲ್ಲ, ಬಡಿತವಿಲ್ಲ. ಮನೆಗೆಲಸದ ಹುಡುಗಿ ನ್ಯಾನ್ಸಿಯನ್ನೂ ಅವನು ತನ್ನ ಕಡೆ ಮಾಡಿಕೊಂಡಿದ್ದಾನೆ. ಕೊನೆಗೆ ಬೆಲ್ಲಾಳಿಗೆ ತನ್ನ ಕಣ್ಣು ಕಿವಿಗಳ ಮೇಲೆಯೇ ನಂಬಿಕೆ ಹೋಗುತ್ತದೆ.

ಪಾಲ್‌ನ ನಿಜ ಹೆಸರು ಬೇರೆ. ಹಳೆಯ ಕೊಲೆಗಾರ ಅವನೇ. ಮಾಣಿಕ್ಯ ಹುಡುಕಲು ಗುಟ್ಟಾಗಿ ಮೇಲಂತಸ್ತಿಗೆ ಬಂದು ದೀಪ ಹಚ್ಚುತ್ತಿದ್ದ. ಹಿಂದೆ ಪೊಲೀಸಿನಲ್ಲಿದ್ದು ಈಗ ಕುದುರೆ ಲಾಯ ನಡೆಸುವ ರಫ್ ಎಂಬಾತ ಅವನ ಮುಖ ಗುರುತು ಹಿಡಿಯುತ್ತಾನೆ. ದೀಪ ಸಣ್ಣದಾಗುವುದು ನಿಜ ಎಂದು ಬೆಲ್ಲಾಳಿಗೆ ಹೊರಗಿನವನೊಬ್ಬ ಹೇಳಿದ ಗಳಿಗೆಯೇ ಚಿತ್ರದ ತಿರುವು. ಕೊನೆಯಲ್ಲಿ ಗಂಡನನ್ನು ಕುರ್ಚಿಗೆ ಕಟ್ಟಿಹಾಕಿರುತ್ತಾರೆ. ಬಿಡಿಸು ಎಂದು ಅವನು ಬೇಡುತ್ತಾನೆ. ಬೆಲ್ಲಾ ಚಾಕು ಹಿಡಿದು, ಹುಚ್ಚಿಯಾದ ನಾನು ಹೇಗೆ ಬಿಡಿಸಲಿ ಎಂಬ ಧಾಟಿಯಲ್ಲಿ ಅವನ ಮಾತನ್ನೇ ಅವನಿಗೆ ತಿರುಗಿಸುತ್ತಾಳೆ.

ಚಿತ್ರಕ್ಕೂ ಬೆಲ್ಲಾಳ ಗತಿಯೇ ಬರುವುದರಲ್ಲಿತ್ತು. ಹಾಲಿವುಡ್‌ನ ಎಂಜಿಎಂ ಕಂಪನಿ ಹಕ್ಕು ಕೊಂಡು 1944ರಲ್ಲಿ ಅದೇ ಹೆಸರಿನಲ್ಲಿ ಮತ್ತೆ ಚಿತ್ರ ತೆಗೆಯಿತು. ಬ್ರಿಟಿಷ್ ಚಿತ್ರದ ಪ್ರತಿಗಳನ್ನೆಲ್ಲ ನಾಶಮಾಡಲು ಆ ಕಂಪನಿ ನೋಡಿತು. ಅದೃಷ್ಟಕ್ಕೆ ಚಿತ್ರ ಉಳಿಯಿತು. 1944ರ ಚಿತ್ರದ ನಟನೆಗೆ ಇಂಗ್ರಿಡ್ ಬರ್ಗ್‌ಮನ್ ಆಸ್ಕರ್ ಪಡೆದರು.

ಒಬ್ಬರ ಅನುಭವವನ್ನೇ ಸುಳ್ಳೆಂದು ನಂಬಿಸಿ ತಮ್ಮ ಬುದ್ಧಿಯ ಮೇಲೆಯೇ ಸಂಶಯ ಹುಟ್ಟಿಸುವುದಕ್ಕೆ ಇಂಗ್ಲಿಷಿನಲ್ಲಿ 'ಗ್ಯಾಸ್‌ಲೈಟಿಂಗ್' ಎಂಬ ಮಾತು ಬಂದದ್ದು ಈ ಕಥೆಯಿಂದ. ಅಮೆರಿಕದ ಮೆರಿಯಮ್ ವೆಬ್‌ಸ್ಟರ್ ನಿಘಂಟು 2022ರಲ್ಲಿ ಅದನ್ನು ವರ್ಷದ ಶಬ್ದವಾಗಿ ಆರಿಸಿತು. ತಲೆ ಕೆಟ್ಟಿದೆ ಎಂದು ಹೇಳಿ ಸೊಸೆಯನ್ನು ತವರಿಗೆ ಅಟ್ಟುವುದು ನಮ್ಮ ಕಡೆಗೂ ಹೊಸದಲ್ಲ, ಶಬ್ದ ಮಾತ್ರ ಹೊಸದು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಗಾಗಿ ಬಂದ 2005ರ ಕಾಯ್ದೆ ಮಾತಿನ ಮತ್ತು ಮಾನಸಿಕ ಹಿಂಸೆಯನ್ನೂ ಹಿಂಸೆ ಎಂದೇ ಎಣಿಸುತ್ತದೆ. ಗಡಿಯ ಆಚೆಗೂ ಈಚೆಗೂ ಕಾಯ್ದೆ ಒಂದೇ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಕಥೆ ಗಿರೀಶ ಕಾರ್ನಾಡರ 'ನಾಗಮಂಡಲ'. ನಾಟಕ 1988ರದು. ಟಿ.ಎಸ್. ನಾಗಾಭರಣ 1997ರಲ್ಲಿ ಅದನ್ನು ಚಿತ್ರ ಮಾಡಿದರು. ಅಪ್ಪಣ್ಣನಾಗಿ ಪ್ರಕಾಶ್ ರೈ, ರಾಣಿಯಾಗಿ ವಿಜಯಲಕ್ಷ್ಮಿ. ಮಾತು ಉತ್ತರ ಕರ್ನಾಟಕದ್ದು, ನಮ್ಮ ಮಂದಿಗೆ ಅರ್ಥ ಹೇಳಬೇಕಿಲ್ಲ. ಅಪ್ಪಣ್ಣ ಹೆಂಡತಿಯನ್ನು ಮನೆಯೊಳಗಿಟ್ಟು ಬೀಗ ಹಾಕಿ ಸೂಳೆಯ ಮನೆಗೆ ಹೋಗುತ್ತಾನೆ. ರಾತ್ರಿ ಅವನದೇ ರೂಪದಲ್ಲಿ ನಾಗ ಬಂದು ಪ್ರೀತಿಯಿಂದ ಮಾತಾಡುತ್ತಾನೆ. ಹಗಲಿನ ಗಂಡನಿಗೆ ಅದರ ಸುಳಿವೇ ಇಲ್ಲ. ರಾತ್ರಿ ಕಂಡದ್ದು ಕನಸೋ ನನಸೋ ಎಂದು ರಾಣಿ ತೊಳಲುತ್ತಾಳೆ. ಬಸುರಾದಾಗ ಪಂಚರ ಮುಂದೆ ಹಾವು ಹಿಡಿದು ಪ್ರಮಾಣ ಮಾಡಬೇಕಾಗುತ್ತದೆ. ಪ್ರೀತಿಸುವ ನಾಗನೂ ಅವಳಿಗೆ ನಿಜ ಹೇಳುವುದಿಲ್ಲ ಎಂಬುದನ್ನು ನೋಡುಗರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕಾರ್ನಾಡರ ನಾಟಕದಲ್ಲಿ ಊರ ಮನೆಗಳ ದೀಪದ ಜ್ಯೋತಿಗಳು ರಾತ್ರಿ ಪಾಳುಗುಡಿಯಲ್ಲಿ ಸೇರಿ, ತಮ್ಮ ತಮ್ಮ ಮನೆಯಲ್ಲಿ ನಡೆದದ್ದನ್ನು ಮಾತಾಡಿಕೊಳ್ಳುತ್ತವೆ. ಲಂಡನ್ನಿನ ಮನೆಯಲ್ಲಿ ಗುಟ್ಟು ಬಯಲು ಮಾಡಿದ್ದೂ ದೀಪವೇ.

ಗ್ಯಾಸ್‌ಲೈಟ್ ನೋಡುವವರು 1940ರದನ್ನು ಮೊದಲು ನೋಡಿದರೆ ಒಳ್ಳೆಯದು. ಕಪ್ಪು ಬಿಳುಪು, ಒಂದೂವರೆ ಗಂಟೆಗೂ ಕಡಿಮೆ. ಇಂಗ್ಲಿಷ್ ಪೂರ್ತಿ ತಿಳಿಯದಿದ್ದರೂ ವಾಲ್‌ಬ್ರೂಕ್‌ನ ನಯವಾದ ದನಿ, ಗೋಡೆಯ ಮೇಲೆ ಕುಗ್ಗುವ ಬೆಳಕು, ಎರಡೇ ಸಾಕು.