ಹೋಶಂಗಾಬಾದಿನ ವಿಜ್ಞಾನ ಪಾಠವೂ ನಮ್ಮ ಗಡಿಸೀಮೆಯೂ

ವಿಜ್ಞಾನವನ್ನು ಓದಿ ಒಪ್ಪಿಸುವುದು ಬೇರೆ, ಮಾಡಿ ತಿಳಿಯುವುದು ಬೇರೆ. ಈ ಭೇದವನ್ನು ಬಲ್ಲ ಶಿಕ್ಷಕರು ನಮ್ಮಲ್ಲಿ ಸಾಕಷ್ಟಿದ್ದಾರೆ. ಆದರೆ ಬಲ್ಲವನು ಒಂಟಿಯಾದರೆ ಅವನ ಉತ್ಸಾಹ ಎಷ್ಟು ದಿನ ಬಾಳೀತು? ಇದಕ್ಕೆ ಉತ್ತರ ಕೊಡಬಲ್ಲ ಇತಿಹಾಸವೊಂದನ್ನು ಶಿಕ್ಷಕ ಬಂಧುಗಳ ಮುಂದಿಡಬಯಸುತ್ತೇವೆ.

1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಕಿಶೋರ ಭಾರತಿ, ಫ್ರೆಂಡ್ಸ್ ರೂರಲ್ ಸೆಂಟರ್ ಎಂಬೆರಡು ಸಂಸ್ಥೆಗಳು ಸರಕಾರದ ಅನುಮತಿ ಪಡೆದು ಹೊಸ ಬೋಧನಕ್ರಮವನ್ನು ಆರಂಭಿಸಿದವು. ಆರರಿಂದ ಎಂಟನೆಯ ಇಯತ್ತೆಯವರೆಗಿನ 'ಬಾಲ ವೈಜ್ಞಾನಿಕ' ಪುಸ್ತಕಗಳಲ್ಲಿ ಪ್ರಯೋಗಗಳಿದ್ದವು, ಪ್ರಶ್ನೆಗಳಿದ್ದವು, ಸಿದ್ಧ ಉತ್ತರಗಳಿರಲಿಲ್ಲ. ಮಕ್ಕಳು ನಾಲ್ಕು ನಾಲ್ಕು ಜನರ ಗುಂಪಾಗಿ ಪ್ರಯೋಗ ಮಾಡಿ, ಕಂಡುದನ್ನು ಬರೆದಿಟ್ಟು, ತಮ್ಮಲ್ಲೇ ಚರ್ಚಿಸಿ ತೀರ್ಮಾನಕ್ಕೆ ಬರುತ್ತಿದ್ದರು. ಪರೀಕ್ಷೆಯಲ್ಲಿಯೂ ಪುಸ್ತಕವನ್ನು ತೆರೆದಿಟ್ಟುಕೊಳ್ಳಬಹುದಾಗಿತ್ತು. ಏಕೆಂದರೆ ಅಲ್ಲಿ ಪರೀಕ್ಷಿಸುತ್ತಿದ್ದುದು ಕಂಠಪಾಠವನ್ನಲ್ಲ, ವಿಚಾರಶಕ್ತಿಯನ್ನು. ತರಗತಿಯಲ್ಲಿ ಬಗೆಹರಿಯದ ಪ್ರಶ್ನೆಯನ್ನು ಮಗು 'ಸವಾಲೀರಾಮ'ನೆಂಬ ಕಲ್ಪಿತ ವ್ಯಕ್ತಿಗೆ ಪತ್ರ ಬರೆದು ಕೇಳಬಹುದಿತ್ತು.

ಈ ಕ್ರಮದ ಜೀವಾಳವು ಪುಸ್ತಕಕ್ಕಿಂತ ಮಿಗಿಲಾಗಿ ಶಿಕ್ಷಕರ ಮಾಸಿಕ ಸಭೆಯಲ್ಲಿತ್ತೆಂದು ನಾವು ಭಾವಿಸುತ್ತೇವೆ. ಸುತ್ತಲಿನ ಶಾಲೆಗಳವರು ಒಂದೆಡೆ ಸೇರಿ, ಯಾವ ಪ್ರಯೋಗ ಕೈಕೊಟ್ಟಿತು, ಯಾವ ಪ್ರಶ್ನೆಗೆ ತಾವೇ ತಬ್ಬಿಬ್ಬಾದರು ಎಂಬುದನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಿದ್ದರು. 1978ರಲ್ಲಿ ಈ ಕ್ರಮವು ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಸ್ಥಾಪಿತವಾದ 'ಏಕಲವ್ಯ' ಸಂಸ್ಥೆ ಅದರ ಹೊಣೆ ಹೊತ್ತಿತು. ಆದರೆ 2002ರಲ್ಲಿ ಸರಕಾರವು ಇದನ್ನು ನಿಲ್ಲಿಸಿತು. ಅನುಮತಿಯಿಂದ ಹುಟ್ಟಿದ್ದು ಆಜ್ಞೆಯಿಂದ ಮುಗಿಯಿತು.

ಇನ್ನು ನಮ್ಮ ಸೀಮೆಯತ್ತ ನೋಡೋಣ. ತುರೋರಿ, ಉಮರಗಾ, ನಿಲಂಗಾ, ಉದಗೀರ ಭಾಗದ ಕನ್ನಡ ಶಿಕ್ಷಕನಿಗೆ ಸರಕಾರದ ವ್ಯವಹಾರವೆಲ್ಲ ಮರಾಠಿಯಲ್ಲಿ. ಕನ್ನಡ ಪಠ್ಯಪುಸ್ತಕ ಬರಬೇಕಾದುದು ಪುಣೆಯ ಬಾಲಭಾರತಿಯಿಂದ. ಕರ್ನಾಟಕದ ಶಿಕ್ಷಕರ ತರಬೇತಿಗಳಲ್ಲಿ ಅವನಿಗೆ ಸ್ಥಾನವಿಲ್ಲ. ಹೀಗೆ ಅವನು ಎರಡು ರಾಜ್ಯಗಳ ನಡುವೆ ಒಂಟಿ.

ಆದರೆ ಪ್ರಶ್ನೆಗಳಿಗೆ ಇಲ್ಲಿ ಬರವೇ? 1993ರ ಸಪ್ಟಂಬರ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಕೆಸರುಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳೂ ಅವುಗಳ ಮೇಲಿನ ಭಾರವಾದ ಮಣ್ಣಿನ ಮಾಳಿಗೆಗಳೂ ಮಲಗಿದವರ ಮೇಲೆ ಕುಸಿದವು. ಇಂದಿನ ಮಕ್ಕಳು ತಮ್ಮ ಊರಿನ ಹಳೆಯ ಮನೆಗಳನ್ನು ಹೊಕ್ಕು, ಗೋಡೆಯ ದಪ್ಪ ಅಳೆದು, ಒಳ ಹೊರ ಮೈಗಳನ್ನು ಬೆಸೆಯುವ ಅಡ್ಡಗಲ್ಲು ಇದೆಯೇ ಎಂದು ನೋಡಿ ಬರೆಯಲಿ. ಹಿರಿಯರನ್ನು ಕೇಳಲಿ. ನಾಲ್ಕು ಊರಿನ ಮಕ್ಕಳ ಲೆಕ್ಕವನ್ನು ಶಿಕ್ಷಕರು ಒಂದೆಡೆ ಕೂಡಿಸಿದರೆ ಅದು ಪಾಠವೂ ಹೌದು, ಮುಂದೆ ಜೀವ ಉಳಿಸಬಹುದಾದ ತಿಳಿವಳಿಕೆಯೂ ಹೌದು.

ಅಂತಹ ಮಾಸಿಕ ಕೂಟಕ್ಕೆ ಯಾರ ಆಜ್ಞೆಯೂ ಬೇಕಿಲ್ಲ. ಶಿಕ್ಷಕರ ಸಂಘವೇ ಸಾಕು. ಸಂಘ ಕೂಡಿಸಿದ ಕೂಟವನ್ನು ಯಾವ ಆಜ್ಞೆಯೂ ಮುಚ್ಚಲಾರದು. ಹೋಶಂಗಾಬಾದಿನ ಮೂವತ್ತು ವರ್ಷಗಳಿಂದ ನಾವು ಕಲಿಯಬೇಕಾದುದು ಇಷ್ಟೇ.