ಹೆಲ್ಸಿಂಕಿಯ ಕಡಲಂಚಿನ ಸೌನಾ: ಬಡವರ ಸ್ನಾನದ ಮನೆ ಊರಿನ ಹೆಮ್ಮೆಯಾದ ಕಥೆ

ಇವತ್ತು ಫಿನ್‌ಲೆಂಡಿನ ರಾಜಧಾನಿ ಹೆಲ್ಸಿಂಕಿಗೆ ಹೋಗೋಣ. ಅಲ್ಲಿನ ದಕ್ಷಿಣ ಅಂಚಿನಲ್ಲಿ ಹೆರ್ನೆಸಾರಿ ಅಂತ ಒಂದು ಜಾಗ ಇದೆ. ಹಿಂದೆ ಅದು ಕಾರ್ಖಾನೆ, ಗೋದಾಮುಗಳ ಪ್ರದೇಶ. ಈಗ ಸಮುದ್ರಕ್ಕೆ ಮುಖಮಾಡಿ ತಗ್ಗಾದ ಒಂದು ಮರದ ಕಟ್ಟಡ ನಿಂತಿದೆ. ಹೆಸರು ಲೋಯ್ಲು. 2016ರಲ್ಲಿ ಬಾಗಿಲು ತೆರೆದ ಸಾರ್ವಜನಿಕ ಸೌನಾ ಇದು.

ಒಳಗೆ ಹೋದರೆ ಏನು ನಡೆಯುತ್ತೆ? ಮೊದಲು ಚೆನ್ನಾಗಿ ಮೈ ತೊಳ್ಕೋಬೇಕು, ಅದು ಕಡ್ಡಾಯ. ಆಮೇಲೆ ಮರದ ಹಲಗೆ ಹೊದಿಸಿದ ಮಬ್ಬುಗತ್ತಲ ಕೋಣೆ, ಮೆಟ್ಟಿಲು ಮೆಟ್ಟಿಲಾಗಿ ಜಗಲಿ, ಮೂಲೆಯಲ್ಲಿ ಕಲ್ಲು ಪೇರಿಸಿದ ಒಲೆ. ಸಾಮಾನ್ಯವಾಗಿ ಸೌನಾದ ಬಿಸಿ 80 ಡಿಗ್ರಿ ದಾಟಿರುತ್ತೆ. ಯಾರೋ ಒಬ್ಬರು ಸೌಟಿನಿಂದ ಕಲ್ಲಿನ ಮೇಲೆ ನೀರು ಹಾಕ್ತಾರೆ, ಚುಂಯ್ ಅಂತ ಹಬೆ ಎದ್ದು ಬೆನ್ನಿನ ಮೇಲೆ ಇಳಿಯುತ್ತೆ. ತಡೆಯೋಕಾಗಲ್ಲ ಅನ್ನಿಸಿದಾಗ ಹೊರಗೆ ಬಂದು ಏಣಿ ಹಿಡಿದು ನೇರ ಬಾಲ್ಟಿಕ್ ಸಮುದ್ರಕ್ಕೆ ಇಳಿಯೋದು. ಚಳಿಗಾಲದಲ್ಲಿ ಹಿಮ ಕೊರೆದು ಮಾಡಿದ ಹೊಂಡಕ್ಕೂ ಇಳಿಯೋರಿದ್ದಾರೆ. ಅಂಥ ಹೊಂಡಕ್ಕೆ ಫಿನ್ನಿಶ್‌ನಲ್ಲಿ ಅವಾಂತೋ ಅಂತಾರೆ. ತಮಾಷೆ ಅಂದ್ರೆ, ಈ ಕಟ್ಟಡದ ವಿನ್ಯಾಸ ಮಾಡಿದ ಸಂಸ್ಥೆಯ ಹೆಸರೂ ಅವಾಂತೋ ಆರ್ಕಿಟೆಕ್ಟ್ಸ್!

ಲೋಯ್ಲು ಅಂದ್ರೆ ಕಲ್ಲಿನಿಂದ ಏಳುವ ಆ ಹಬೆ. ತುಂಬಾ ಹಳೆಯ ಪದ. ಇದರ ಬಂಧುಪದ ಹಂಗೇರಿಯನ್ ಭಾಷೆಯಲ್ಲಿ ಲೇಲೆಕ್, ಅದರ ಅರ್ಥ ಆತ್ಮ. ಅಂದರೆ ಒಂದು ಕಾಲಕ್ಕೆ ಹಬೆ, ಉಸಿರು, ಜೀವ ಎಲ್ಲಾ ಒಂದೇ ಮಾತಿನಲ್ಲಿ ಸೇರಿಕೊಂಡಿದ್ದವು. ಹಳ್ಳಿಗಾಡಿನ ಬದುಕು ನೋಡಿದ್ರೆ ಇದು ಅತಿಶಯ ಅನ್ನಿಸಲ್ಲ. ಹೆಂಗಸರು ಹೆರುತ್ತಿದ್ದುದು ಸೌನಾದಲ್ಲೇ, ಯಾಕಂದ್ರೆ ಮನೆಯಲ್ಲಿ ಬೆಚ್ಚಗಿರುವ, ಬಿಸಿನೀರು ಸಿಗುವ, ಶುಚಿಯಾದ ಜಾಗ ಅದೊಂದೇ. ಸತ್ತವರ ಮೈ ತೊಳೆಯುತ್ತಿದ್ದುದೂ ಅಲ್ಲೇ. ಚರ್ಚಿನಲ್ಲಿ ಇರೋ ಹಾಗೆ ಸೌನಾದಲ್ಲೂ ಇರಬೇಕು ಅನ್ನೋದು ಅಲ್ಲಿನ ಗಾದೆ.

ಈ ಹಳ್ಳಿ ಪದ್ಧತಿ ಪೇಟೆಯಲ್ಲಿ ಉಳಿದದ್ದು ಹೇಗೆ? 19ನೇ ಶತಮಾನದ ಕೊನೆ, 20ನೇ ಶತಮಾನದ ಆರಂಭದಲ್ಲಿ ಕೂಲಿ ಹುಡುಕಿಕೊಂಡು ಜನ ಹೆಲ್ಸಿಂಕಿಗೆ ಬಂದರು. ಊರಿನ ನಡುಭಾಗ ಉಳ್ಳವರದು. ಪಿಟ್ಕಾಸಿಲ್ಟಾ ಅನ್ನೋ ಸೇತುವೆ ದಾಟಿದರೆ ಕಲ್ಲಿಯೊ, ಅದು ಕಾರ್ಮಿಕರ ಕೇರಿ. (ಕಲ್ಲಿಯೊ ಅಂದ್ರೆ ಬಂಡೆ. ನಮ್ಮ ಕಲ್ಲಿನ ಜೊತೆ ನಂಟು ಕಟ್ಟೋಕೆ ಹೋಗ್ಬೇಡಿ, ಅದು ಬರೀ ಕಾಕತಾಳೀಯ!) ಅಲ್ಲಿ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಬಚ್ಚಲು ಎಲ್ಲಿಂದ ಬರಬೇಕು? ಅದಕ್ಕೇ ಬೀದಿ ಬೀದಿಯಲ್ಲಿ ಕಾಸು ಕೊಟ್ಟು ಹೋಗುವ ಸೌನಾಗಳು ಹುಟ್ಟಿಕೊಂಡವು. ವಾರದ ಕೊಳೆ ತೊಳೆಯೋಕೆ ಜನ ಸಾಲು ನಿಲ್ಲುತ್ತಿದ್ದರು. ಮೈ ಉಜ್ಜಿ ತೊಳೆಯೋದನ್ನೇ ಕಸುಬು ಮಾಡಿಕೊಂಡ ಹೆಂಗಸರಿದ್ದರು. 1928ರಲ್ಲಿ ಕಲ್ಲಿಯೊದಲ್ಲಿ ಶುರುವಾದ ಕೊಟಿಹಾರ್ಯು ಸೌನಾ ಇವತ್ತಿಗೂ ಸೌದೆ ಒಲೆಯಲ್ಲೇ ನಡೀತಿದೆ. ಬೆವರಿಳಿದವರು ಟವೆಲ್ ಸುತ್ತಿಕೊಂಡು ಬೀದಿಬದಿಯಲ್ಲೇ ಗಾಳಿಗೆ ಕೂರೋದನ್ನ ಈಗಲೂ ನೋಡಬಹುದು.

1940ರ ದಶಕದ ಹೊತ್ತಿಗೆ ಹೆಲ್ಸಿಂಕಿಯಲ್ಲಿ ನೂರಕ್ಕೂ ಹೆಚ್ಚು ಸಾರ್ವಜನಿಕ ಸೌನಾಗಳಿದ್ದವು. ಶತಮಾನ ಮುಗಿಯುವಾಗ ಉಳಿದದ್ದು ಬೆರಳೆಣಿಕೆಯಷ್ಟು. ಅವನ್ನ ಮುಚ್ಚಿಸಿದ್ದು ಬಡತನ ಅಲ್ಲ, ಅನುಕೂಲ. ಯುದ್ಧದ ನಂತರ ಕಟ್ಟಿದ ವಠಾರಗಳಲ್ಲಿ ನೆಲಮಾಳಿಗೆಯ ಸೌನಾ ಬಂತು, ಮನೆಗೊಂದು ಗಂಟೆಯ ಸರದಿ. ಆಮೇಲೆ ವಿದ್ಯುತ್ ಒಲೆಯಿಂದಾಗಿ ಫ್ಲ್ಯಾಟಿನ ಒಳಗೇ, ಬಚ್ಚಲಿನ ಪಕ್ಕದಲ್ಲೇ ಪುಟ್ಟ ಸೌನಾ ಸಾಧ್ಯವಾಯ್ತು. ಸುಮಾರು 55 ಲಕ್ಷ ಜನರ ಈ ದೇಶದಲ್ಲಿ ಈಗ 30 ಲಕ್ಷಕ್ಕೂ ಹೆಚ್ಚು ಸೌನಾಗಳಿವೆ. ಎಲ್ಲರಿಗೂ ಸೌನಾ ಸಿಕ್ಕಿತು. ಆದರೆ ಗುರುತಿಲ್ಲದವರ ಪಕ್ಕ ಕೂತು ಬೆವರುವ ಜಾಗ ಹೋಯ್ತು.

ಹಾಗಾದ್ರೆ ಅದು ಸಮುದ್ರದ ದಡದಲ್ಲಿ ಮತ್ತೆ ಹುಟ್ಟಿದ್ದು ಹೇಗೆ? ಇದಕ್ಕೆ ಬಂದರಿನ ಕಥೆ ಗೊತ್ತಿರಬೇಕು. 2008ರಲ್ಲಿ ಹೆಲ್ಸಿಂಕಿಯ ಸರಕು ಬಂದರು ಊರಾಚೆಯ ವುವೊಸಾರಿಗೆ ಸ್ಥಳಾಂತರ ಆಯ್ತು. ಊರೊಳಗಿನ ಎಷ್ಟೋ ದಡ ಖಾಲಿ ಬಿತ್ತು. 2011ರಲ್ಲಿ ಅಂಥದ್ದೇ ಒಂದು ಪಾಳು ಜಾಗದಲ್ಲಿ, ಸೊಂಪಾಸಾರಿಯಲ್ಲಿ, ಕೆಲವು ಗೆಳೆಯರು ಯಾರೋ ಬಿಸಾಕಿದ ಒಲೆ, ಹಳೇ ಹಲಗೆ ಜೋಡಿಸಿ ಸೌನಾ ಕಟ್ಟಿಬಿಟ್ಟರು. ಅನುಮತಿ ಕೇಳಲಿಲ್ಲ. ನಗರಾಡಳಿತ ಕೆಡವಿತು, ಇವರು ಮತ್ತೆ ಕಟ್ಟಿದರು. ಕೊನೆಗೆ ಸಂಘ ಕಟ್ಟಿಕೊಂಡು ಮಾನ್ಯತೆ ಪಡೆದರು. ಸೊಂಪಾಸೌನಾದಲ್ಲಿ ಟಿಕೆಟ್ ಇಲ್ಲ, ಕಾವಲುಗಾರರಿಲ್ಲ, ಹಗಲೂ ರಾತ್ರಿ ತೆರೆದಿರುತ್ತೆ. ಸೌದೆ ಒಡೆಯೋರು, ಗುಡಿಸೋರು ಎಲ್ಲಾ ಬಂದವರೇ. 2013ರಲ್ಲಿ ಹಾಕನಿಯೆಮಿ ದಡದಲ್ಲಿ ಕುಲ್ಟ್ಟೂರಿಸೌನಾ ಬಂತು. 2016ರಲ್ಲಿ ಲೋಯ್ಲು, ಅದೇ ವರ್ಷ ಮಾರುಕಟ್ಟೆ ಚೌಕದ ಪಕ್ಕ ಅಲ್ಲಾಸ್ ಸೀ ಪೂಲ್.

ಬದಲಾವಣೆ ಸಣ್ಣದಲ್ಲ. ಹಳೇ ಸೌನಾಗಳಲ್ಲಿ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೋಣೆ, ಒಳಗೆ ಬಟ್ಟೆ ಇಲ್ಲ. ಲೋಯ್ಲುವಿನಲ್ಲಿ ಗಂಡು ಹೆಣ್ಣು ಒಟ್ಟಿಗೆ ಕೂರ್ತಾರೆ, ಈಜುಡುಗೆ ಬೇಕೇ ಬೇಕು. ಪ್ರವಾಸಿಗರಿಗೆ ಇದು ಅನುಕೂಲ, ಹಳಬರಿಗೆ ಸ್ವಲ್ಪ ಕಸಿವಿಸಿ. ಎರಡು ಗಂಟೆಯ ಟಿಕೆಟ್ ಇಪ್ಪತ್ತು ಯೂರೋ ದಾಟಿದೆ. ಬಚ್ಚಲಿಲ್ಲದವರಿಗಾಗಿ ಹುಟ್ಟಿದ ಜಾಗಕ್ಕೆ ಈಗ ಮನೆಯಲ್ಲೇ ಸೌನಾ ಇರೋರು ದುಡ್ಡು ಕೊಟ್ಟು ಬರ್ತಾರೆ. ವಿಚಿತ್ರ ಅಲ್ವಾ? ಆದರೂ ಒಂದು ಮಾತು ಹೇಳಲೇಬೇಕು: ಲೋಯ್ಲುವಿನ ಹೊರಮೈಯನ್ನೇ ಮೆಟ್ಟಿಲಾಗಿ ಕಟ್ಟಿದ್ದಾರೆ. ಟಿಕೆಟ್ ಇಲ್ಲದವರೂ ಮಾಡಿನವರೆಗೆ ಹತ್ತಿ ಕೂತು ಸಮುದ್ರ ನೋಡಬಹುದು.

2020ರ ಡಿಸೆಂಬರ್‌ನಲ್ಲಿ ಯುನೆಸ್ಕೋ ಫಿನ್‌ಲೆಂಡಿನ ಸೌನಾ ಸಂಸ್ಕೃತಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ್ದು ಕಟ್ಟಡ ಅಲ್ಲ, ಒಟ್ಟಿಗೆ ಕೂರುವ ರೂಢಿ. ಆ ರೂಢಿ ಯಾರ ಕೈಗೆ ಎಟುಕಬೇಕು ಅನ್ನೋದಕ್ಕೆ ಹೆಲ್ಸಿಂಕಿಯ ದಡದಲ್ಲಿ ಇವತ್ತು ಎರಡು ಉತ್ತರಗಳಿವೆ: ಒಂದು ಟಿಕೆಟ್ ಇರುವ ಲೋಯ್ಲು, ಇನ್ನೊಂದು ಟಿಕೆಟ್ ಇಲ್ಲದ ಸೊಂಪಾಸೌನಾ. ಊರು ದಡವನ್ನೆಲ್ಲ ಮೊದಲನೆಯದಕ್ಕೇ ಬಿಟ್ಟುಕೊಟ್ಟರೆ, ಕಲ್ಲಿಯೊದ ಕೂಲಿಕಾರರು ಉಳಿಸಿಕೊಂಡು ಬಂದದ್ದು ಹೋಟೆಲ್ ಸೌಕರ್ಯಗಳ ಪಟ್ಟಿಯಲ್ಲಿ ಒಂದು ಸಾಲಾಗಿಬಿಡುತ್ತೆ. ಸದ್ಯಕ್ಕೆ ಎರಡೂ ಕಡೆ ಒಲೆ ಉರೀತಿದೆ.